ಮಾತು ಬಿಟ್ಟವರಿಗೆ ಜೋಡು ಟಿಕೆಟ್ ಇಲ್ಲ

ಜೋಡು ಟಿಕೆಟ್ಟಿನ ಅರ್ಜಿಯಲ್ಲಿ ಹನ್ನೊಂದು ಕಾಲಮ್ಮುಗಳಿವೆ. ಹತ್ತನ್ನು ಕಣ್ಣು ಮುಚ್ಚಿ ತುಂಬಬಹುದು. ಹೆಸರು, ವಯಸ್ಸು, ರೇಷನ್ ಕಾರ್ಡಿನ ನಂಬರು, ಆಚೆ ದಡದಲ್ಲಿ ಹಿಡಿಯುವ ರೈಲು, ಇಳಿಯುವ ಊರು, ಹೀಗೆ. ಹನ್ನೊಂದನೆಯದರಲ್ಲಿ ‘ಪರಸ್ಪರ ಮಾತುಕತೆ’ ಎಂದು ಅಚ್ಚಾಗಿರುತ್ತದೆ, ಪಕ್ಕದಲ್ಲಿ ‘ಇದೆ’, ‘ಇಲ್ಲ’ ಎಂದು ಎರಡು ಚೌಕ. ನಾನು ‘ಇದೆ’ಗೆ ಗುರುತು ಹಾಕಿ, ಅರ್ಜಿಯನ್ನು ಕಿಟಕಿಯೊಳಗೆ ತೂರಿಸಿ, ಏನೂ ಅರಿಯದವಳಂತೆ ನೀರಿನ ಕಡೆ ನೋಡುತ್ತ ನಿಂತೆ. ಟಿಕೆಟ್ ಕೊಡುವ ರಾಚೋಟಿ ಕನ್ನಡಕ ಮೇಲೇರಿಸಿಕೊಂಡು ಹೆಸರುಗಳನ್ನು ಗಟ್ಟಿಯಾಗಿ ಓದಿದ. ಫಕೀರವ್ವ, ಶಿವಗಂಗವ್ವ, ಮಾರುತಿ, ಕಸ್ತೂರಿ, ಬನಶ್ರೀ. ಅಂದರೆ ನಮ್ಮ ಅತ್ತೆ, ಅತ್ತೆಯ ನೆಗೆಣ್ಣಿ, ನನ್ನ ಗಂಡ, ನಾನು, ನನ್ನ ಮಗಳು. ಓದಿ ಮುಗಿಸಿ ಅರ್ಜಿಯನ್ನು ಹೊರಗೆ ತಳ್ಳಿದ.

“ಕಸ್ತೂರಕ್ಕಾ, ನಾನೂ ಇದ ಊರಾಗ ಹುಟ್ಟಿ ಬೆಳದಾಂವ. ಈ ಇಬ್ಬರು ದೊಡ್ಡವ್ವಗೋಳು ಮಾತು ಬಿಟ್ಟು ಎಷ್ಟ ವರ್ಷ ಆತು, ನೀನ ಹೇಳು.”

“ಒಂಬತ್ತು,” ಎಂದೆ. ಅವನಿಗೆ ಗೊತ್ತಿರುವುದನ್ನೇ ಸುಳ್ಳು ಹೇಳಿ ಏನು ಪ್ರಯೋಜನ.

“ಮತ್ತ ‘ಇದೆ’ ಅಂತ ಹಾಕೀಯಲ್ಲ?”

“ಶುಕ್ರವಾರದೊಳಗ ಮಾತಾಡ್ತಾರ.”

“ಮಾತಾಡಿದ ಮ್ಯಾಲೆ ಕರಕೊಂಡು ಬಾ. ನನ್ನ ಮುಂದ ಮಾತಾಡ್ಲಿ. ಬುಧವಾರ ಸಂಜೀತನಕ ಐದು ಸೀಟು ಹಿಡಿದು ಇಡ್ತೀನಿ. ಅದರ ಮ್ಯಾಲೆ ನನ್ನ ಕೈಯಾಗಿಲ್ಲ.”

ರಾಚೋಟಿಯ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಅವನದೂ ತಪ್ಪಲ್ಲ. ನಮ್ಮೂರಿನ ಲಾಂಚು ಇರುವುದೇ ಹಾಗೆ. ಒಂದೇ ಟಿಕೆಟ್ಟಿನಲ್ಲಿರುವ ಇಬ್ಬರು ಮಾತು ಬಿಟ್ಟಿದ್ದರೆ ಅದು ದಡ ಬಿಡುವುದಿಲ್ಲ. ಎಂಜಿನ್ ಓಡುತ್ತದೆ, ಹೊಗೆ ಬರುತ್ತದೆ, ಹಿಂದೆ ನೀರು ನೊರೆ ಏಳುತ್ತದೆ. ಲಾಂಚು ಮಾತ್ರ ಇದ್ದಲ್ಲೇ ಇರುತ್ತದೆ. ಬೇರೆ ಬೇರೆ ಟಿಕೆಟ್ಟಿನವರು ಒಬ್ಬರ ಮುಖ ಒಬ್ಬರು ನೋಡದಿದ್ದರೂ ಅದಕ್ಕೆ ಚಿಂತೆಯಿಲ್ಲ. ಹಾಗಾದರೆ ಬೇರೆ ಬೇರೆ ಟಿಕೆಟ್ ತೆಗೆಸಬಹುದಲ್ಲ ಎಂದು ಹೊಸಬರು ಕೇಳುತ್ತಾರೆ. ಆಚೆ ದಡದ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವರೇ ಇಲ್ಲ. ರೈಲು ಅಲ್ಲಿ ಎರಡು ನಿಮಿಷ ನಿಲ್ಲುತ್ತದೆ, ಅಷ್ಟೇ. ನಮ್ಮೂರಿಗೆಂದು ಇಟ್ಟ ಸೀಟುಗಳು ಲಾಂಚಿನ ಜೊತೆ ಸೇರಿಸಿ ಜೋಡು ಟಿಕೆಟ್ ಎಂದೇ ಸಿಗಬೇಕು. ಅದೂ ಒಂದು ರೇಷನ್ ಕಾರ್ಡಿಗೆ ವಾರಕ್ಕೆ ಒಂದೇ ಟಿಕೆಟ್. ಮೂರು ಕಡೆ ನೀರು, ಒಂದು ಕಡೆ ಗುಡ್ಡ ಇರುವ ಊರಿನಲ್ಲಿ ಬೇರೆ ದಾರಿ ಎಲ್ಲಿಂದ ತರುವುದು?

ಊರಿನವರು ಇದಕ್ಕೆ ಯಾವತ್ತೋ ಹೊಂದಿಕೊಂಡಿದ್ದಾರೆ. ದಡದಲ್ಲಿ ಬೇವಿನ ಮರದ ಕೆಳಗೆ ಒಂದು ಕಟ್ಟೆಯಿದೆ. ಊರಿಗೆ ಹೊರಟ ಮನೆಯವರು ಹಿಂದಿನ ದಿನವೇ ಅಲ್ಲಿ ಬಂದು ಕೂತು ರಾಜಿಯಾಗುತ್ತಾರೆ. ಶೇಂಗಾ ಮಾರುವ ನಿಂಗವ್ವನ ಅರ್ಧ ವ್ಯಾಪಾರ ರಾಜಿಯಾಗುವವರಿಂದಲೇ. ಹೋಗಿ ಬಂದ ಮೇಲೆ ಮತ್ತೆ ಮಾತು ಬಿಡುವವರೂ ಇದ್ದಾರೆ. ದಾಟುವಷ್ಟು ಹೊತ್ತು ಮಾತಿದ್ದರೆ ಲಾಂಚಿಗೆ ಸಾಕು. ಮಾತು ಸವಿಯಾಗಿರಬೇಕೆಂದೇನೂ ಇಲ್ಲ. ಕುಂಬಾರ ಓಣಿಯ ಗಂಡ ಹೆಂಡತಿ ಈ ದಡದಿಂದ ಆ ದಡದವರೆಗೂ ಕಚ್ಚಾಡುತ್ತ ಹೋಗುತ್ತಾರೆ, ಲಾಂಚು ಬೆಣ್ಣೆಯ ಮೇಲೆ ಚಾಕು ಆಡಿದಂತೆ ಹೋಗುತ್ತದೆ. ಆದರೆ ನಾಟಕ ನಡೆಯುವುದಿಲ್ಲ. ಹಿಂದಿನ ವರ್ಷ ಇಬ್ಬರು ಅಣ್ಣತಮ್ಮಂದಿರು ಕಿಟಕಿಯ ಮುಂದೆ ಹಲ್ಲು ಕಿರಿದು ಟಿಕೆಟ್ ತೆಗೆಸಿಕೊಂಡು ಹತ್ತಿದರು. ಲಾಂಚು ಮೂರು ತಾಸು ನಿಂತಿತು. ಎಲ್ಲರ ರೈಲೂ ತಪ್ಪಿತು. ಅಂದಿನಿಂದ ರಾಚೋಟಿ ಯಾರನ್ನೂ ನಂಬುವುದಿಲ್ಲ.

ನಮಗೆ ಆ ರೈಲು ತಪ್ಪುವಂತಿರಲಿಲ್ಲ. ನನ್ನ ಮಗಳು ಬನುಗೆ ನಾಲ್ಕು ವರ್ಷ ದಾಟಿತ್ತು, ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ಒಂದು ತಿಂಗಳ ಹಿಂದೆ ನಗರದ ಆಸ್ಪತ್ರೆಯಲ್ಲಿ ಕಿವಿಯ ಹಿಂದೆ ಆಪರೇಷನ್ ಮಾಡಿ ಒಳಗೆ ಏನೋ ಕೂಡಿಸಿದ್ದರು. ಹೊರಗಿನ ಯಂತ್ರವನ್ನು ಗಾಯ ಮಾಯ್ದ ಮೇಲೆ ಹಾಕಿ ಚಾಲೂ ಮಾಡುತ್ತೇವೆ ಎಂದು ಶನಿವಾರದ ದಿನಾಂಕ ಕೊಟ್ಟಿದ್ದರು. ಆಪರೇಷನ್ನಿಗೆ ನಾನು, ಅತ್ತೆ ಕರೆದುಕೊಂಡು ಹೋಗಿದ್ದೆವು. ಮಾರುತಿ ಹಿಟ್ಟಿನ ಗಿರಣಿ ಬಿಟ್ಟು ಬರುವಂತಿರಲಿಲ್ಲ. ಆದರೆ ಈ ಸಲ ಮಾತು ಕಲಿಸುವ ಮೇಡಮ್ಮು ಚೀಟಿಯಲ್ಲಿ ಬರೆದೇ ಕೊಟ್ಟಿದ್ದರು. ‘ಮಗುವಿನ ಜೊತೆ ಮನೆಯಲ್ಲಿರುವ ಎಲ್ಲರೂ ಬರಬೇಕು. ಯಂತ್ರ ಹಾಕಿದ ದಿನವೇ ನಿಮಗೂ ಪಾಠ ಶುರು. ತಪ್ಪಿಸಿದರೆ ಮುಂದಿನ ದಿನಾಂಕ ಮೂರು ತಿಂಗಳಿಗೆ.’ ಮೂರು ತಿಂಗಳಲ್ಲಿ ಏನಾಗುತ್ತದೆ ಎಂದು ನಾನು ಕೇಳಿದ್ದೆ. “ನಾಲ್ಕು ವರ್ಷ ಆಗಲೇ ಹೋಗಿದೆಯಮ್ಮ. ಇನ್ನು ಪ್ರತಿ ತಿಂಗಳೂ ಮುಖ್ಯ,” ಎಂದಿದ್ದರು. ಆ ಮಾತು ಎದೆಯಲ್ಲಿ ಕೂತುಬಿಟ್ಟಿತ್ತು.

ನಮ್ಮ ಮನೆಯಲ್ಲಿ ಒಂದೇ ಪಡಸಾಲೆ, ಎರಡು ಒಲೆ. ಒಂದು ನಮ್ಮದು, ಇನ್ನೊಂದು ಸಣ್ಣತ್ತೆ ಶಿವಗಂಗವ್ವನದು. ಸಣ್ಣತ್ತೆಗೆ ಮಕ್ಕಳಿಲ್ಲ, ಮಾವನ ತಮ್ಮ ತೀರಿಕೊಂಡ ಮೇಲೂ ಆಕೆ ಅಲ್ಲೇ ಇದ್ದಾಳೆ. ಜಗಳ ನಾನು ಸೊಸೆಯಾಗಿ ಬರುವುದಕ್ಕಿಂತ ಮುಂಚಿನದು. ಇಬ್ಬರೂ ಕೂಡಿ ಕೌದಿ ಹೊಲಿಯುತ್ತಿದ್ದರಂತೆ. ಸಣ್ಣತ್ತೆ ಹಳೆ ಬಟ್ಟೆಯ ಗಂಟಿನಿಂದ ಒಂದು ಇಳಕಲ್ ಸೀರೆ ತೆಗೆದು ಸೆರಗು ಕತ್ತರಿಸಿ ನಡುವೆ ಹೊಲಿದುಬಿಟ್ಟಳಂತೆ. ಅದು ಅತ್ತೆಯ ಮದುವೆಯ ಸೀರೆ. ಗಂಟಿನಲ್ಲಿ ಯಾಕೆ ಇಟ್ಟಿದ್ದಳು ಎಂದು ಸಣ್ಣತ್ತೆ, ಕೇಳದೆ ಯಾಕೆ ಕತ್ತರಿಸಿದಳು ಎಂದು ಅತ್ತೆ. ಆ ಕೌದಿ ಇವತ್ತಿಗೂ ಅರ್ಧ ಹೊಲಿದದ್ದು ಅಟ್ಟದ ಮೇಲಿದೆ. ಬನು ಮಾತ್ರ ಎರಡು ಒಲೆಯ ನಡುವೆ ಓಡಾಡಿಕೊಂಡು ಎರಡೂ ಕಡೆ ರೊಟ್ಟಿ ತಿನ್ನುತ್ತಿದ್ದಳು. ಅವಳಿಗೆ ಯಾರು ಯಾರೊಡನೆ ಮಾತಾಡುವುದಿಲ್ಲ ಎಂಬುದು ಹೇಗೆ ಗೊತ್ತಾಗಬೇಕು?

ಸೋಮವಾರ ಸಂಜೆ ಇಬ್ಬರಿಗೂ ವಿಷಯ ಹೇಳಿದೆ. “ಆಕಿ ಬರೂದಾದ್ರ ಬರ್ಲಿ, ನಾ ಕಣ್ಣು ಮುಚ್ಚಿಕೊಂಡು ಕುಂದರ್ತೀನಿ,” ಎಂದಳು ಅತ್ತೆ. “ನಾ ಬರಾಂಗಿಲ್ಲ ಬಿಡು, ನನ್ನ ದೆಸಿಯಿಂದ ಕೂಸಿಗೆ ತ್ರಾಸ ಬ್ಯಾಡ,” ಎಂದು ಸಣ್ಣತ್ತೆ ಗೋಡೆಗೆ ಹೇಳಿದಳು. ಕಣ್ಣು ಮುಚ್ಚಿಕೊಂಡರೆ ಲಾಂಚು ಹೊರಡುವುದಿಲ್ಲ, ಒಬ್ಬರನ್ನು ಬಿಟ್ಟು ಹೋದರೆ ಮೇಡಮ್ಮು ಒಪ್ಪುವುದಿಲ್ಲ ಎಂದು ಕೂಗಾಡಿದೆ. ನನ್ನ ಬಾಯಿ ಜೋರು, ಊರಿಗೇ ಗೊತ್ತು. ಆ ಹೊತ್ತಿಗೆ ಮಾರುತಿ ಗಿರಣಿಯಿಂದ ಬಂದು, ತಲೆಯ ಮೇಲಿನ ಹಿಟ್ಟು ಕೊಡವಿಕೊಂಡು, ಬನುವನ್ನು ಎತ್ತಿಕೊಂಡ. “ಬನು, ಊಟಕ್ಕ ಏಳಬೇಕಂತ ನಿಮ್ಮಪ್ಪಗ ಹೇಳು,” ಎಂದೆ. “ಬನು, ಇನ್ನ ಸ್ವಲ್ಪ ತಡೀ ಅಂತ ನಿಮ್ಮವ್ವಗ ಹೇಳು,” ಎಂದ ಅವನು. ಮನೆಯಲ್ಲಿ ಅವನೊಬ್ಬನಾದರೂ ತಂಟೆ ಮಾಡುವುದಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡು ರೊಟ್ಟಿ ಬಡಿದೆ.

ಮರುದಿನ ನನಗೆ ಒಂದು ಉಪಾಯ ಹೊಳೆಯಿತು. ಮೇಡಮ್ಮು ಕೊಟ್ಟ ಚೀಟಿಯ ಹಿಂದೆ ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳಿದ್ದವು. ಮೊದಲನೆಯದು, ಇಬ್ಬರು ದೊಡ್ಡವರು ಮಗುವನ್ನು ನಡುವೆ ಕೂರಿಸಿಕೊಂಡು ಒಬ್ಬರು ಇನ್ನೊಬ್ಬರನ್ನು ಹೆಸರು ಹಿಡಿದು ಕರೆಯಬೇಕು, ಆ ಇನ್ನೊಬ್ಬರು ಓಗೊಡಬೇಕು. ನಾನು ಬನುವನ್ನು ಪಡಸಾಲೆಯ ನಡುವೆ ಕೂರಿಸಿ, ಇಬ್ಬರು ಮುದುಕಿಯರನ್ನೂ ಎಳೆದು ತಂದು ಆಚೆ ಈಚೆ ಕೂರಿಸಿದೆ. “ನನಗ ಕೆಲಸ ಐತಿ. ನೀವಿಬ್ಬರೂ ಇದನ್ನ ಮಾಡಿಸ್ರಿ. ಡಾಕ್ಟರ್ ಕೇಳ್ತಾರ,” ಎಂದು ಹೇಳಿ ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತೆ.

ಅತ್ತೆ ಸೆರಗಿನ ಅಂಚು ಮಡಚುತ್ತ, ಸಣ್ಣತ್ತೆ ಗೋಡೆ ನೋಡುತ್ತ ಕೂತರು. ಬನುಗೆ ಒಂದು ಚಟವಿತ್ತು, ಎದುರಿನವರು ಮಾತಾಡುತ್ತಾರೆ ಅನ್ನಿಸಿದರೆ ಅವರ ಗಂಟಲ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು. ಅವಳು ಎದ್ದು ಹೋಗಿ ಅತ್ತೆಯ ಗಂಟಲಿಗೆ ಕೈ ಇಟ್ಟು ಕಾದಳು. ಅತ್ತೆಯ ಬಾಯಿ ಎರಡು ಸಲ ತೆರೆದು ಮುಚ್ಚಿತು. ಕೊನೆಗೆ, “ಗಂಗೀ,” ಎಂದಳು. ಬನು ಖುಷಿಯಾಗಿ ನಕ್ಕು, ತಿರುಗಿ ಸಣ್ಣತ್ತೆಯ ಗಂಟಲಿಗೆ ಕೈ ಇಟ್ಟಳು. ಅಲ್ಲಿ ಏನೂ ಅಲುಗಾಡಲಿಲ್ಲ. ಕಾದಳು. ಆಮೇಲೆ ಕೆಟ್ಟ ರೇಡಿಯೊ ತಟ್ಟುವಂತೆ ಆ ಗಂಟಲನ್ನು ಮೆತ್ತಗೆ ತಟ್ಟಿದಳು.

“ಏನಕ್ಕಾ?” ಎಂದಳು ಸಣ್ಣತ್ತೆ. ಅವಳ ಕಣ್ಣು ತುಂಬಿದ್ದವು.

“ನನ್ನ ಮದುವಿ ಸೀರಿ ಯಾಕ ಕತ್ತರಿಸಿದಿ?” ಎಂದಳು ಅತ್ತೆ, ಒಂದು ಉಸಿರೂ ಬಿಡದೆ.

“ಹರಕ ಅರಿವಿ ಗಂಟಿನಾಗ ಯಾಕ ಇಟ್ಟಿದ್ದಿ?”

“ಎಲ್ಲಿ ಇಡ್ಬೇಕಾಗಿತ್ತು, ನಿನ್ನ ತಲೀ ಮ್ಯಾಲೇನು?”

ಅಲ್ಲಿಂದ ಶುರುವಾದದ್ದು ದೀಪ ಹಚ್ಚುವ ಹೊತ್ತಾದರೂ ಮುಗಿಯಲಿಲ್ಲ. ಒಂಬತ್ತು ವರ್ಷದ ಬಾಕಿ ಮಾತು ಒಂದೇ ದಿನ ಹೇಗೆ ತೀರುತ್ತದೆ? ನಾನು ಬಾಗಿಲ ಮರೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಲೂ ನಗುತ್ತಲೂ ನಿಂತಿದ್ದೆ. ಬುಧವಾರ ಬೆಳಿಗ್ಗೆ ಇಬ್ಬರನ್ನೂ ಕಿಟಕಿಯ ಮುಂದೆ ನಿಲ್ಲಿಸಿದೆ. ಗಂಡನ ಮನೆಗೆ ಮೊದಲು ಬಂದವರು ಯಾರು, ಯಾರ ಕೈ ಹೋಳಿಗೆ ಗಟ್ಟಿ, ಎಲ್ಲ ರಾಚೋಟಿಯ ಮುಂದೆಯೇ ನಡೆಯಿತು. ಅವನು ಎರಡು ನಿಮಿಷ ಕೇಳಿ ಕಿವಿ ಮುಚ್ಚಿಕೊಂಡು ಸಿಕ್ಕಾ ಹೊಡೆದ. ಟಿಕೆಟ್ಟನ್ನು ಕುಬುಸದೊಳಗೆ ಇಟ್ಟುಕೊಂಡು ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಊರಲ್ಲಿ ಯಾರಿಂದಲೂ ಆಗದ್ದನ್ನು ಸಾಧಿಸಿದವಳು ನಾನು ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಹೇಳದೆ ಇರುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಶುಕ್ರವಾರ ಮಧ್ಯಾಹ್ನ ಚೀಲ, ಬುತ್ತಿ, ನೀರಿನ ತಂಬಿಗೆ ಹಿಡಿದು ಲಾಂಚು ಹತ್ತಿದೆವು. ಏಳು ಟಿಕೆಟ್ಟಿನವರಿದ್ದರು. ಆಚೆ ದಡದಲ್ಲಿ ರೈಲಿಗೆ ಇನ್ನೂ ಒಂದೂಕಾಲು ತಾಸಿತ್ತು, ದಾಟಲು ಮುಕ್ಕಾಲು ತಾಸು ಬೇಕು. ಲಾಂಚು ನಡೆಸುವ ಹುಸೇನಸಾಬರು ಗಂಟೆ ಹೊಡೆದು ಎಂಜಿನ್ ಚಾಲೂ ಮಾಡಿದರು. ಹೊಗೆ ಬಂತು, ನೊರೆ ಎದ್ದಿತು. ದಡದ ಬೇವಿನ ಮರ ಮಾತ್ರ ಇದ್ದಲ್ಲೇ ಇತ್ತು.

ಎಲ್ಲರ ಕಣ್ಣೂ ನಮ್ಮ ಇಬ್ಬರು ಮುದುಕಿಯರ ಮೇಲೆ ಬಿತ್ತು. “ಯಮ್ಮಾ, ಮಾತಾಡ್ರಬೇ!” ಎಂದು ಯಾರೋ ಕೂಗಿದರು.

“ಮಾತಾಡಾಕ್ಹತ್ತೀವಲ್ಲೋ! ನಿನಗ ಕೇಳಸಾಂಗಿಲ್ಲೇನು?” ಎಂದು ಅತ್ತೆ ತಿರುಗಿಬಿದ್ದಳು. ನಿಜಕ್ಕೂ ಅವರು ಹತ್ತಿದಾಗಿನಿಂದ ಯಾವ ಬುತ್ತಿ ಮೊದಲು ಬಿಚ್ಚಬೇಕೆಂದು ವಾದ ಮಾಡುತ್ತಲೇ ಇದ್ದರು.

ಇಂಥ ಹೊತ್ತಿಗೆ ಒಂದು ಪದ್ಧತಿಯಿದೆ. ಲಾಂಚನ್ನು ಹಗ್ಗದಿಂದ ದಡಕ್ಕೆ ಕಟ್ಟಿ, ಒಂದೊಂದು ಟಿಕೆಟ್ಟಿನವರೂ ಸರದಿಯಂತೆ ಕೆಳಗಿಳಿಯಬೇಕು. ಯಾರು ಇಳಿದಾಗ ಲಾಂಚು ಅಲುಗುತ್ತದೋ ತಪ್ಪು ಅವರದು. ಮೊದಲು ಮೂರು ಮನೆಯವರು ಇಳಿದು ಹತ್ತಿದರು, ಏನೂ ಆಗಲಿಲ್ಲ. ನಾಲ್ಕನೆಯವರು ನಾವು. ನಾವು ಐವರೂ ದಡಕ್ಕೆ ಕಾಲಿಟ್ಟ ಕೂಡಲೇ ಲಾಂಚು ಮುಂದಕ್ಕೆ ಜಗ್ಗಿ ಹಗ್ಗ ಬಿಗಿಯಿತು. ಮತ್ತೆ ಹತ್ತಿದೆವು, ಹಗ್ಗ ಸಡಿಲವಾಯಿತು.

ಹುಸೇನಸಾಬರು ಹಗ್ಗ ಬಿಚ್ಚಿ, ಹತ್ತಿರ ಬಂದು ಮೆತ್ತಗೆ ಹೇಳಿದರು. “ತಂಗೀ, ಹತ್ತು ಮಿಂಟು ಕೊಡ್ತೀನಿ. ಉಳಿದ ಮಂದೀದೂ ರೈಲೈತಿ. ಆಗಲಿಲ್ಲಂದ್ರ ನಿಮ್ಮನ್ನ ಬಿಟ್ಟು ಹೋಗ್ಬೇಕಾಗ್ತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.”

“ಅತ್ತೀ, ಮನಸಿನಾಗ ಏನರ ಇಟ್ಕೊಂಡೀರೇನು? ಸಣ್ಣತ್ತೀ, ನೀವರ ಹೇಳ್ರಿ!” ಎಂದು ನಾನು ಬಡಕೊಂಡೆ. ಅತ್ತೆ ನನ್ನನ್ನೇ ನೋಡಿದಳು. “ಇದು ನಮ್ಮದಲ್ಲ,” ಎಂದಳು. ಸಣ್ಣತ್ತೆ, “ಕಸ್ತೂರೀ, ನೀ ಮಾರುತಿ ಜೋಡಿ ಕಡೀಕ ಮಾತಾಡಿದ್ದು ಯಾವಾಗ?” ಎಂದು ಕೇಳಿದಳು.

ನನಗೆ ಉರಿದುಹೋಯಿತು. “ಏನ್ ಕೇಳ್ತೀರಿ ನೀವು? ದಿನಾ ಮಾತಾಡ್ತೀವಿ. ಈಗ ಮನಿ ಬಿಡೂ ಮುಂದನೂ ಹೇಳಿದ್ನಲ್ಲ, ಚೀಲಾ ತಗೊಳ್ಳಾಕ!”

“ಅಂವಗ ಹೇಳಲಿಲ್ಲ ನೀ. ಬನುಗ ಹೇಳಿದಿ. ಚೀಲಾ ತಗೊಳ್ಳಂತ ನಿಮ್ಮಪ್ಪಗ ಹೇಳು, ಅಂದಿ.”

ಅದರಲ್ಲೇನಿದೆ, ನಮ್ಮ ಕಡೆ ಹೆಂಗಸರು ಮಾತಾಡುವುದೇ ಹಾಗೆ ಎನ್ನಲು ಬಾಯಿ ತೆರೆದೆ. ಗಂಡನ ಹೆಸರು ಹಿಡಿಯಲಾರದೆ ಮಗುವಿನ ನೆಪದಲ್ಲಿ ಮಾತಾಡುವುದು ಯಾರ ಮನೆಯಲ್ಲಿಲ್ಲ? ಆದರೆ ನಾನು ಹಿಂದಕ್ಕೆ ಎಣಿಸುತ್ತ ಹೋದೆ. ನಿನ್ನೆ, ಮೊನ್ನೆ, ದೀಪಾವಳಿ, ಅದರ ಹಿಂದಿನ ದೀಪಾವಳಿ. ‘ರೀ’ ಎಂದು ಅವನನ್ನು ನೇರ ಕರೆದದ್ದು ನೆನಪಾಗಲಿಲ್ಲ. ಅವನು ‘ಕಸ್ತೂರಿ’ ಎಂದದ್ದೂ ನೆನಪಾಗಲಿಲ್ಲ. ಎರಡು ವರ್ಷದಿಂದ ನಾವಿಬ್ಬರೂ, ಕಿವಿ ಕೇಳದ ಮಗಳ ಕೈಯಲ್ಲಿ ಸುದ್ದಿ ಕಳಿಸುತ್ತಿದ್ದೆವು. ಆಸ್ಪತ್ರೆಗೆ ಅವನು ಒಮ್ಮೆಯೂ ಬಾರದೆ ಇದ್ದದ್ದರಿಂದ ಲಾಂಚಿಗೂ ಅದು ಗೊತ್ತಾಗಿರಲಿಲ್ಲ.

ಶುರುವಾದದ್ದು ಎಂದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಬನುಗೆ ಎರಡು ವರ್ಷವಾದಾಗ ನರ್ಸಮ್ಮ ಮನೆಗೆ ಬಂದು ಮಗುವಿನ ಬೆನ್ನ ಹಿಂದೆ ತಟ್ಟೆ ಬಾರಿಸಿದಳು. ಬನು ತಿರುಗಲಿಲ್ಲ. ನಾನು ಅಲ್ಲಿಂದ ನೇರ ಗಿರಣಿಗೆ ಓಡಿದೆ. ಬಸುರಿಯಾಗಿದ್ದಾಗ ದಿನಾ ಅವನಿಗೆ ಅಲ್ಲಿಗೇ ಬುತ್ತಿ ಒಯ್ಯುತ್ತಿದ್ದೆ. ಜೋಳ ಬೀಸಲು ಬಂದವರ ಎದುರು, “ನಿಮ್ಮ ಗಿರಣಿ ಸಪ್ಪಳಕ್ಕ ನನ್ನ ಮಗಳ ಕಿವಿ ಹೋತು,” ಎಂದು ಅರಚಿದೆ. ಅವನು ಮೋಟರು ಬಂದ್ ಮಾಡಿದ, ಒಂದು ಮಾತೂ ಆಡಲಿಲ್ಲ. ಅಂದಿನಿಂದಲೇ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ನಗರದ ಡಾಕ್ಟರಿಗೆ ಮೊದಲ ಸಲ ತೋರಿಸಿದಾಗಲೇ ನಾನು ಗಿರಣಿಯ ಮಾತು ಕೇಳಿದ್ದೆ. ಅವರು ಮಗುವಿನ ಕಿವಿಯೊಳಗೆ ಹುಟ್ಟುವ ಮೊದಲೇ ಹಾಗೆ ಆಗಿದೆ, ಗಿರಣಿಗೂ ಇದಕ್ಕೂ ಸಂಬಂಧವಿಲ್ಲ, ಯಾರ ತಪ್ಪೂ ಅಲ್ಲ ಎಂದಿದ್ದರು. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದೆ. ಅತ್ತೆ ಆಗ ಹೊರಗಿನ ಬೆಂಚಿನ ಮೇಲಿದ್ದಳು. ಮನೆಗೆ ಬಂದು ನಾನು ಯಾರಿಗೂ ಹೇಳಲಿಲ್ಲ. ಗಂಡನ ಜೊತೆ ಮಾತಿರಲಿಲ್ಲವಲ್ಲ ಎಂದು ಈಗ ಹೇಳಬಹುದು. ನಿಜ ಬೇರೆ. ನನ್ನ ಸಿಟ್ಟನ್ನು ಇಡಲು ಒಂದು ಜಾಗ ಬೇಕಿತ್ತು, ಗಿರಣಿ ಹಾಗೆ ಸಿಕ್ಕ ಜಾಗ. ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಮಾರುತಿ ಬನುವನ್ನು ಹೆಗಲಿಗೆ ಹಾಕಿಕೊಂಡು ಲಾಂಚಿನ ಅಂಚಿನಲ್ಲಿ ನಿಂತಿದ್ದ. ಎಲ್ಲರೂ ನೋಡುತ್ತಿದ್ದರು. ಅವನು ಮಗಳ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ.

“ಕಸ್ತೂರಿ,” ಎಂದ. “ಒಂದ್ ಮಾತು ಕೇಳ್ತೀನಿ, ಖರೇ ಹೇಳು. ನನ್ನ ಗಿರಣಿಯಿಂದನ ಆತೇನು?”

ಅಷ್ಟು ದಿನ ಅವನು ಗಿರಣಿಯ ಕಿಟಕಿಗಳಿಗೆ ಗೋಣಿಚೀಲ ತುರುಕಿದ್ದು ಧೂಳಿಗೆಂದು ನಾನು ತಿಳಿದಿದ್ದೆ. ಬನುವನ್ನು ಕರೆದುಕೊಂಡು ಆ ದಾರಿಯಲ್ಲಿ ಹೋದರೆ ಮೋಟರು ನಿಲ್ಲುತ್ತಿತ್ತು, ಕರೆಂಟು ಹೋಗಿರಬೇಕು ಎಂದುಕೊಳ್ಳುತ್ತಿದ್ದೆ. ಅವನ ಮುಖ ನೋಡಿದಾಗ ಅದೆಲ್ಲ ಒಟ್ಟಿಗೇ ಅರ್ಥವಾಯಿತು. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು.

“ಅಲ್ಲರೀ,” ಎಂದೆ. “ನಿಮ್ಮಿಂದ ಆಗಿಲ್ಲ. ಹೊಟ್ಟ್ಯಾಗ ಇದ್ದಾಗನ ಹಂಗ ಆಗಿತ್ತಂತ. ಗಿರಣಿಗೂ ಇದಕ್ಕೂ ಏನೂ ಇಲ್ಲಂತ. ಡಾಕ್ಟರ್ ಹೇಳ್ಯಾರ.”

“ಯಾವಾಗ ಹೇಳಿದ್ರು?”

“ಹ್ವಾದ ವರ್ಷ. ಯುಗಾದಿ ಮುಂದ.”

ಅವನು ಮೆಲ್ಲಗೆ ಅಕ್ಕಿ ಚೀಲದ ಮೇಲೆ ಕೂತ. ಲೆಕ್ಕ ಹಾಕುತ್ತಿದ್ದನೆಂದು ಕಾಣುತ್ತದೆ. “ವರ್ಷದ ಮ್ಯಾಲಾತು,” ಎಂದ. “ವರ್ಷದ ಮ್ಯಾಲೆ ಹೊಟ್ಟ್ಯಾಗ ಇಟ್ಕೊಂಡಿದ್ದೇನು? ನಾ ದಿನಾ ಆ ಮೋಟರ್ ಚಾಲೂ ಮಾಡೂ ಮುಂದ ಬನು ಹಾದ್ಯಾಗ ಅದಾಳೇನಂತ ಹೊರಗ ಹಣಿಕಿ ನೋಡ್ತಿದ್ದೆ ಕಸ್ತೂರಿ. ನಿನಗ ಗೊತ್ತಿತ್ತು!”

“ತಪ್ಪಾತು. ಬೈರಿ ನನಗ.”

“ಬೈತೀನಿ. ಬಿಡ್ತೀನೇನು?”

ಬೈದ. ನನ್ನ ಗಂಡ ಇಷ್ಟು ಮಾತು ಬಲ್ಲ ಎಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಬಾಯಿಯ ಬಗ್ಗೆ ಬೈದ, ನನ್ನ ಹಟದ ಬಗ್ಗೆ ಬೈದ, ಮಂದಿಯ ಎದುರು ಗಿರಣಿಯಲ್ಲಿ ಕೂಗಿದ್ದಕ್ಕೆ ಬೈದ. ನಡುನಡುವೆ ಕಣ್ಣೀರು ಒರೆಸಿಕೊಂಡು, ಉಸಿರು ತೆಗೆದುಕೊಂಡು ಮತ್ತೆ ಬೈದ. ನಾನೂ ಅಳುತ್ತಿದ್ದೆ. ಜೀವಮಾನದಲ್ಲಿ ಮೊದಲ ಸಲ ಎದುರು ಮಾತಾಡದೆ ಕೇಳಿದೆ. “ಹೊಂಟೈತಿ, ಹೊಂಟೈತಿ!” ಎಂದು ಹಿಂದಿನಿಂದ ಯಾರೋ ಕೂಗಿದಾಗಲೇ ನಾವು ತಲೆ ಎತ್ತಿದ್ದು. ಬೇವಿನ ಮರ ಅಂಗೈಯಷ್ಟಾಗಿತ್ತು. ಕಟ್ಟೆಯ ಮೇಲೆ ನಿಂಗವ್ವ ಎದ್ದು ನಿಂತು ಸೆರಗು ಬೀಸುತ್ತಿದ್ದಳು.

“ಬಾಯಿ ಬಂದ್ ಮಾಡಬ್ಯಾಡಪಾ ಮಾರುತಿ,” ಎಂದು ಹುಸೇನಸಾಬರು ಕೂಗಿ ಹೇಳಿದರು. “ರೈಲು ಸಿಗಬೇಕಂದ್ರ ಹಿಂಗ ನಡೀಲಿ.”

ಆಚೆ ದಡ ಮುಟ್ಟಿದಾಗ ರೈಲು ಬಂದು ನಿಂತಿತ್ತು. ಏಳು ಟಿಕೆಟ್ಟಿನವರೂ ಓಡಿದೆವು. ಪರಿಚಯವೇ ಇಲ್ಲದ ಇಬ್ಬರು ಗಂಡಸರು ಅತ್ತೆಯನ್ನೂ ಸಣ್ಣತ್ತೆಯನ್ನೂ ಅಕ್ಷರಶಃ ಎತ್ತಿ ಒಳಗೆ ಹಾಕಿದರು. ನಮ್ಮ ಐದು ಸೀಟು ಎರಡು ಡಬ್ಬಿಯಲ್ಲಿ ಹರಿದು ಹಂಚಿಹೋಗಿದ್ದವು. ಬೇರೆ ಹೊತ್ತಿನಲ್ಲಾಗಿದ್ದರೆ ರಾಚೋಟಿಯ ಜನ್ಮ ಜಾಲಾಡುತ್ತಿದ್ದೆ. ಅವತ್ತು ಮುದುಕಿಯರನ್ನು ಒಂದು ಡಬ್ಬಿಯಲ್ಲಿ ಜಗಳಕ್ಕೆ ಬಿಟ್ಟು, ನಾವಿಬ್ಬರು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಇನ್ನೊಂದರಲ್ಲಿ ಕೂತೆವು. ಹೆಚ್ಚೇನೂ ಮಾತಾಡಲಿಲ್ಲ. ಅವನು “ನೀರು ಕೊಡು” ಎಂದ, ನಾನು “ತಗೋರಿ” ಎಂದೆ. ತಂಬಿಗೆಯನ್ನು ಬನುವಿನ ಕೈಗಲ್ಲ, ಅವನ ಕೈಗೇ ಕೊಟ್ಟೆ.

ಶನಿವಾರ ಹತ್ತು ಗಂಟೆಗೆ ಮೇಡಮ್ಮಿನ ಚಿಕ್ಕ ಕೋಣೆಯಲ್ಲಿ ನಾವು ಐವರೂ ಇಕ್ಕಟ್ಟಾಗಿ ಕೂತಿದ್ದೆವು. ಬನು ಅಪ್ಪನ ತೊಡೆಯ ಮೇಲೆ, ನನ್ನ ಕಡೆ ಮುಖ ಮಾಡಿಕೊಂಡು, ಮೇಡಮ್ಮು ಕೊಟ್ಟ ಮರದ ಆನೆಯ ಸೊಂಡಿಲು ಚೀಪುತ್ತಿದ್ದಳು. ಮೇಡಮ್ಮು ಅವಳ ಕಿವಿಯ ಹಿಂದೆ ಯಂತ್ರ ಹಾಕಿ, ಗುಂಡಗಿನ ಬಿಲ್ಲೆಯನ್ನು ತಲೆಗೆ ಅಂಟಿಸಿ, ಕಂಪ್ಯೂಟರಿನಲ್ಲಿ ಏನೇನೋ ಒತ್ತಿದರು.

“ಈಗ ಚಾಲೂ ಇದೆ,” ಎಂದರು. “ಅಳಬಹುದು, ಹೆದರಬೇಡಿ. ಏನೂ ಆಗದೇ ಇರಬಹುದು, ಅದಕ್ಕೂ ಹೆದರಬೇಡಿ. ಅಮ್ಮ, ನೀವು ಮೊದಲು ಮಾತಾಡಿ.”

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಎರಡು ವರ್ಷದಿಂದ ಈ ಹೊತ್ತಿಗೆಂದು ಏನೇನೋ ಕೂಡಿಟ್ಟುಕೊಂಡಿದ್ದೆ. ಅವಳ ಹೆಸರಿತ್ತು, ಕಂದಾ ಎಂಬುದಿತ್ತು, ಒಂದು ಜೋಗುಳವೂ ಇತ್ತು. ಎಲ್ಲ ಗಂಟಲಲ್ಲಿ ಒಂದರ ಮೇಲೊಂದು ಬಿದ್ದು ಬಾಗಿಲು ಕಟ್ಟಿಕೊಂಡಿತು. ಬನು ಆನೆ ಚೀಪುತ್ತ ನನ್ನನ್ನು ನೋಡಿದಳು. ಅತ್ತೆ, ಸಣ್ಣತ್ತೆ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು.

“ಕಸ್ತೂರಿ,” ಎಂದ ಮಾರುತಿ, “ಏನರ ಅನ್ನು.”

ಬನುವಿನ ಬಾಯಿಂದ ಆನೆ ಜಾರಿತು. ಕಣ್ಣು ಅಗಲವಾದವು. ಅವಳು ನನ್ನನ್ನು ಬಿಟ್ಟು, ಕತ್ತು ಹಿಂದಕ್ಕೆ ತಿರುಗಿಸಿ, ತಲೆ ಎತ್ತಿ ಅಪ್ಪನ ಬಾಯಿಯನ್ನು ನೋಡಿದಳು.

ಮೇಡಮ್ಮು ಎದ್ದು ನಿಂತರು. “ಏನಂದ್ರಿ ಅವಳಿಗೆ? ಇನ್ನೊಂದು ಸಲ ಅನ್ನಿ!”

“ಆಕಿಗೆ ಅನ್ನಲಿಲ್ಲರೀ,” ಎಂದ ಮಾರುತಿ. ನನ್ನ ಕಡೆ ಕೈ ಮಾಡಿದ. “ನಾ ಇಕಿಗೆ ಅಂದೆ.”

“ಹಾಗಾದ್ರೆ ಇವರಿಗೇ ಅನ್ನುತ್ತಾ ಇರಿ. ನೀವು ಉತ್ತರ ಕೊಡಿ ಅಮ್ಮ. ನಿಲ್ಲಿಸಬೇಡಿ.”

ಏನು ಮಾತಾಡುವುದೋ ಇಬ್ಬರಿಗೂ ತೋಚಲಿಲ್ಲ. ತೋಚಿದ್ದು ಒಂದೇ. “ವಾಪಸ್ ಹೋಗೂ ಟಿಕೆಟ್ ಹೆಂಗ ಮಾಡೂದ್ರಿ?” ಎಂದೆ. ಬನು ನನ್ನ ಕಡೆ ತಿರುಗಿದಳು. “ಮಂಗಳವಾರದ ಗಾಡಿ ನೋಡೋಣು. ಐದೂ ಒಂದ ಡಬ್ಬಿ ಸಿಗ್ತಾವೇನೋ,” ಎಂದ. ಅವಳು ಅವನ ಕಡೆ ತಿರುಗಿದಳು. “ಅತ್ತೀಗೆ ಕಿಡಕಿ ಸೀಟು ಬೇಕಂತ,” ಎಂದೆ. “ಸಣ್ಣವ್ವಗೂ ಬೇಕಂತ,” ಎಂದ. “ನಾ ಯಾವಾಗ ಕೇಳಿದ್ನೋ?” ಎಂದು ಮೂಲೆಯಿಂದ ಸಣ್ಣತ್ತೆ, “ಕೇಳಿದಿ, ಸುಳ್ಳು ಹೇಳಬ್ಯಾಡ,” ಎಂದು ಅತ್ತೆ. ಬನು ಒಬ್ಬೊಬ್ಬರ ಬಾಯಿಯನ್ನೂ ಹುಡುಕುತ್ತ ಅತ್ತ ಇತ್ತ ತಿರುಗುತ್ತಿದ್ದಳು. ಅವಳ ತುಟಿ ನಡುಗಿತು, ಅಳುತ್ತಾಳೆ ಅನ್ನಿಸಿತು, ಆದರೆ ಅಳಲಿಲ್ಲ. ನಾವು ಸುಮ್ಮನಾದರೆ ಅವಳ ತಲೆ ನಿಂತುಬಿಡುತ್ತಿತ್ತು, ಕಣ್ಣು ಕಾಯುತ್ತಿತ್ತು. ಅದಕ್ಕೆ ನಾವು ಯಾರೂ ಸುಮ್ಮನಾಗಲಿಲ್ಲ.